ಗಿಡ ನೆಟ್ಟರೆ ತೌಬಾ ಆದೀತೆ?

ಗುಡ್ಡ ಕಡಿದವರು ಈಗ ಗಿಡ ನೆಡುವ ಮಾತಾಡುತ್ತಿದ್ದಾರೆ. ಅಗೆದು, ಬಗೆದು, ಅದಿರನ್ನು ಹಡಗು ಹತ್ತಿಸಿ, ಬೇಡವಾದ ಮಣ್ಣನ್ನು ಇಳಿಜಾರಿಗೆ ಸುರಿದ ಮೇಲೆ ಅದೇ ರಾಶಿಯ ನೆತ್ತಿಯಲ್ಲಿ ಸಾಲಾಗಿ ಅಕೇಶಿಯಾ ನೆಟ್ಟು, ಎಷ್ಟು ಸಸಿ ನೆಟ್ಟೆವು ಎಂಬ ಲೆಕ್ಕದ ಬೋರ್ಡು ನಿಲ್ಲಿಸಿದರೆ ‘ಪುನಶ್ಚೇತನ’ ಮುಗಿಯಿತು. ಇದಕ್ಕೀಗ ವಿಜ್ಞಾನದ ಒಂದು ಹೊಸ ಅಂಗಿಯನ್ನೂ ತೊಡಿಸಲಾಗಿದೆ. ಗಿಡಗಳು ಮಣ್ಣಿನಲ್ಲಿರುವ ಭಾರಲೋಹಗಳನ್ನು ಹೀರಿ ನೆಲವನ್ನು ಶುದ್ಧ ಮಾಡುತ್ತವಂತೆ. ಹಾಗಾದರೆ ಚಿಂತೆಯೇನು? ಇಂದು ಅಗೆಯಿರಿ, ನಾಳೆ ನೆಡಿರಿ, ನಾಡಿದ್ದು ಎಲ್ಲ ಮೊದಲಿನಂತೆ!

ನಾವು ಗಿಡದ ವಿರೋಧಿಗಳಲ್ಲ. ಹಂದನಕೆರೆ, ತಿಪಟೂರು, ತುರುವೇಕೆರೆಯ ಸೀಮೆಯಲ್ಲಿ ಬದುಕುವ ಯಾರಿಗೂ ಗಿಡದ ಬೆಲೆಯನ್ನು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಮಗಳ ಮದುವೆ, ಮಗನ ಕಾಲೇಜು, ಮುದುಕರ ಔಷಧಿ ಎಲ್ಲವೂ ಅಟ್ಟದ ಮೇಲೆ ಒಣಗುತ್ತಿರುವ ಕೊಬ್ಬರಿಯನ್ನು ನಂಬಿಕೊಂಡಿವೆ. ಗಿಡಗಳಿಂದ ಕೆಟ್ಟ ನೆಲ ರಿಪೇರಿಯಾಗುತ್ತದೆಂಬ ವಿಜ್ಞಾನವೂ ಸುಳ್ಳಲ್ಲ. ನಮ್ಮ ತಕರಾರು ಬೇರೆ. ಗಿಡವನ್ನು ತಂದು ಕಟಕಟೆಯಲ್ಲಿ ನಿಲ್ಲಿಸಿ, ಗಣಿಯವರ ಪರವಾಗಿ ಅದರ ಬಾಯಲ್ಲಿ ಸುಳ್ಳು ಸಾಕ್ಷಿ ಹೇಳಿಸುತ್ತಿದ್ದಾರಲ್ಲ, ಅದರ ಮೇಲೆ ನಮ್ಮ ಸಿಟ್ಟು.

ಮೊದಲು ನಮ್ಮ ನೆಲದ ವಿಚಾರ. ಚಿತ್ರದುರ್ಗದ ಕಡೆಯಿಂದ ಇಳಿದು ಬರುವ ಹಳೆಯ ಶಿಲೆಗಳ ಪಟ್ಟಿಯೊಂದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಗುಡ್ಡಗಳಾಗಿ ನಿಂತಿದೆ. ಅದರ ಹೊಟ್ಟೆಯಲ್ಲಿ ಕಬ್ಬಿಣವಿದೆ, ಮ್ಯಾಂಗನೀಸ್ ಇದೆ. ಅದರ ಬೆನ್ನ ಮೇಲೆ ಕಗ್ಗಲಿ, ಬಂದರೆ, ತಂಗಡಿ, ಬಾದೆಹುಲ್ಲು ಇತ್ತು. ಗುಡ್ಡದ ನೀರು ಹಳ್ಳಕ್ಕೆ, ಹಳ್ಳದ ನೀರು ಕೆರೆಗೆ, ಕೆರೆಯ ನೀರು ನೆಲದೊಳಗೆ ಇಳಿದು ತೋಟದ ಬಾವಿಗೆ. ಇದು ನಮ್ಮ ಸೀಮೆಯ ವ್ಯವಸ್ಥೆ. ಮಳೆ ಕಡಿಮೆಯ ಈ ನಾಡಿನಲ್ಲಿ ತೆಂಗು ಬೆಳೆದದ್ದು ಯಾವ ದೊಡ್ಡ ನದಿಯ ಕೃಪೆಯಿಂದಲೂ ಅಲ್ಲ. ಈ ಗುಡ್ಡಗಳು ಹನಿ ಹಿಡಿದು ಕೊಟ್ಟದ್ದರಿಂದ, ಕೆರೆಗಳು ಅದನ್ನು ಕಾದಿಟ್ಟದ್ದರಿಂದ. ಗುಡ್ಡದ ಚರ್ಮ ಸುಲಿದರೆ ನೋವು ಗುಡ್ಡಕ್ಕಷ್ಟೇ ಆಗುವುದಿಲ್ಲ, ಮೈಲಿಗಟ್ಟಲೆ ಕೆಳಗಿರುವ ತೋಟಕ್ಕೂ ಆಗುತ್ತದೆ.

ಇಲ್ಲಿ ಮ್ಯಾಂಗನೀಸ್ ಗುಂಡಿ ತೋಡುವುದು ಹಳೆಯ ಕಸುಬು. ಆದರೆ ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಉಕ್ಕಿನ ಕುಲುಮೆಗಳು ಬಾಯಿ ತೆರೆದಾಗ ಆದದ್ದು ಕಸುಬಲ್ಲ, ಲೂಟಿ. ಹಗಲು ರಾತ್ರಿ ಲಾರಿಗಳು. ರಸ್ತೆಯಂಚಿನ ತೆಂಗಿನ ಗರಿಗಳ ಮೇಲೆ ಕೆಂಪು ಧೂಳು. ಆಗ ನಮ್ಮ ಮೊಹಲ್ಲಾಗಳ ಹುಡುಗರೂ ಲಾರಿ ಓಡಿಸಿದರು, ಕ್ಲೀನರುಗಳಾದರು, ಗ್ಯಾರೇಜು ಇಟ್ಟರು, ಪಂಕ್ಚರ್ ಅಂಗಡಿ ತೆರೆದರು. ಇದನ್ನು ಮರೆಮಾಚಬೇಕಾದ್ದಿಲ್ಲ. ಹೊಟ್ಟೆಪಾಡಿಗೆ ಸ್ಟೇರಿಂಗ್ ಹಿಡಿದವನಿಗೂ ಗುಡ್ಡವನ್ನೇ ಮಾರಿದವನಿಗೂ ವ್ಯತ್ಯಾಸವಿದೆ. ಗಣಿ ನಿಂತಾಗ ಲಾರಿಯ ಕಂತು ಕಟ್ಟಲಾಗದೆ ಬೀದಿಗೆ ಬಿದ್ದವರು ಮೊದಲಿನವರೇ ಹೊರತು ಎರಡನೆಯವರಲ್ಲ.

2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಎರಡನೆಯ ವರದಿ ಬಂತು. ಅದೇ ತಿಂಗಳು ಬಳ್ಳಾರಿಯಲ್ಲೂ, ಆಗಸ್ಟ್ 26ರಂದು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಹೂಡಿದ್ದ ದಾವೆ ಅದು. ಮೂರೂ ಜಿಲ್ಲೆಗಳ 166 ಗಣಿಗಳನ್ನು ಎ, ಬಿ, ಸಿ ಎಂದು ಮೂರು ಬಗೆಯಾಗಿ ವಿಂಗಡಿಸಲಾಯಿತು. ಅತಿ ಹೆಚ್ಚು ಅಕ್ರಮ ಮಾಡಿದ ಸಿ ವರ್ಗದ 49 ಗಣಿಗಳ ಗುತ್ತಿಗೆಯನ್ನು 2013ರ ಏಪ್ರಿಲ್ 18ರ ತೀರ್ಪು ರದ್ದು ಮಾಡಿತು. ಉಳಿದವರು ಗಣಿ ತೆರೆಯಬೇಕಾದರೆ ಮೊದಲು ಪುನಶ್ಚೇತನ ಯೋಜನೆ ಒಪ್ಪಿಸಿ ಜಾರಿಗೆ ತರಬೇಕು ಎಂದಾಯಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಪರಿಷತ್ತಿನವರು ಗಣಿಗೊಂದರಂತೆ ಯೋಜನೆ ಬರೆದರು. ರಾಶಿಯ ಬುಡಕ್ಕೆ ತಡೆಗೋಡೆ, ಸುತ್ತ ಕಾಲುವೆ, ಕೊರಕಲಿಗೆ ಕಲ್ಲಿನ ಅಡ್ಡಗಟ್ಟೆ, ಮೇಲೆ ಗಿಡ. ಕಾಗದದ ಮೇಲೆ ಒಳ್ಳೆಯ ಯೋಜನೆಗಳೇ.

ಹಣಕ್ಕೂ ಕೊರತೆಯಿರಲಿಲ್ಲ. ಅದಿರು ಮಾರಿದ ಹಣದಲ್ಲಿ ಒಂದು ಪಾಲು ಗಣಿಯಿಂದ ಕೆಟ್ಟ ಪ್ರದೇಶಕ್ಕೇ ಮೀಸಲಾಯಿತು. ಅದನ್ನು ಖರ್ಚು ಮಾಡಲೆಂದು 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಹುಟ್ಟಿತು. ಅದಾದ ಮೇಲೆ ಯೋಜನೆ ಬರೆಯುವುದು, ತಿದ್ದುವುದು, ಕೋರ್ಟಿಗೆ ಒಯ್ಯುವುದು, ವಾಪಸು ತರುವುದು ಇದರಲ್ಲೇ ವರ್ಷಗಳು ಕಳೆದವು. ಕೊನೆಗೆ 2022ರಲ್ಲಿ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲುಸ್ತುವಾರಿಗೆ ನೇಮಿಸಿ, ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಕೋರ್ಟು ದಾರಿ ಮಾಡಿಕೊಟ್ಟಿತು. ಅದರಲ್ಲಿ ರಸ್ತೆಯಿದೆ, ರೈಲಿದೆ, ಕುಡಿಯುವ ನೀರಿದೆ, ಆಸ್ಪತ್ರೆಯಿದೆ, ಶಾಲೆಯಿದೆ, ಮನೆಗಳಿವೆ. ಬೇಡವೆನ್ನುವ ಮೂರ್ಖರು ಯಾರೂ ಇಲ್ಲ. ಆದರೆ ರಸ್ತೆ, ಶಾಲೆ, ಆಸ್ಪತ್ರೆ ಸರ್ಕಾರ ನಮಗೆ ಹೇಗೂ ಕೊಡಬೇಕಾದ್ದು. ಗುಡ್ಡ ಕಳೆದುಕೊಂಡಿದ್ದಕ್ಕೆ ಸಿಕ್ಕುವ ಇನಾಮಲ್ಲ. ಗುಡ್ಡದ ಸಾಲವನ್ನು ಮಣ್ಣಿಗೇ ತೀರಿಸಬೇಕು. ಸಿಮೆಂಟಿಗೆ ತೀರಿಸಿದರೆ ಮಣ್ಣಿನ ಬಾಕಿ ಹಾಗೇ ಉಳಿಯುತ್ತದೆ.

ಅದೇ 2022ರ ಆಗಸ್ಟಿನಲ್ಲಿ ಇನ್ನೊಂದೂ ಆಯಿತು. ಚಿತ್ರದುರ್ಗ, ತುಮಕೂರು ಎರಡೂ ಸೇರಿ ವರ್ಷಕ್ಕೆ ತೆಗೆಯಬಹುದಾದ ಅದಿರಿನ ಮಿತಿ ಮೊದಲು 50 ಲಕ್ಷ ಟನ್ ಇದ್ದದ್ದು ನಡುವೆ 70 ಲಕ್ಷವಾಗಿತ್ತು. ಆಗ ಒಂದೇ ಏಟಿಗೆ ಒಂದೂವರೆ ಕೋಟಿ ಟನ್ನಿಗೆ ಏರಿತು. ಹಳೆಯ ಗಾಯಕ್ಕೆ ಮುಲಾಮಿನ ಡಬ್ಬಿ ತೆರೆದ ವರ್ಷವೇ ಹೊಸ ಗಾಯಕ್ಕೆ ಅನುಮತಿ ಇಮ್ಮಡಿಗೂ ಹೆಚ್ಚಾಯಿತೆಂದರೆ ‘ಗಿಡ ಎಲ್ಲ ಸರಿಮಾಡುತ್ತದೆ’ ಎಂಬ ಮಾತು ಯಾರಿಗೆ ಬೇಕಾಗಿದೆ ಎಂದು ಕೇಳಬೇಕಲ್ಲವೇ?

ಈಗ ಆ ಗಿಡದ ವಿಜ್ಞಾನವನ್ನೇ ನೋಡೋಣ. ಇಂಗ್ಲಿಷಿನವರು ಅದನ್ನು ಫೈಟೋರೆಮಿಡಿಯೇಶನ್ ಎನ್ನುತ್ತಾರೆ. ಗಿಡದಿಂದ ನೆಲದ ಚಿಕಿತ್ಸೆ ಎನ್ನೋಣ. ಅದರಲ್ಲಿ ಎರಡು ದಾರಿಗಳಿವೆ, ಮತ್ತು ಎರಡನ್ನೂ ಬೇಕೆಂದೇ ಕಲಸುಮೇಲೋಗರ ಮಾಡಲಾಗುತ್ತಿದೆ.

ಒಂದು ದಾರಿ ಹೀರುವುದು. ಸೃಷ್ಟಿಕರ್ತನ ಕುದ್ರತ್ತು ನೋಡಿ: ಬೇರೆ ಗಿಡಗಳಿಗೆ ವಿಷವಾಗುವ ಲೋಹವನ್ನು ಕೆಲವು ಗಿಡಗಳು ತಾವಾಗಿಯೇ ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತವೆ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯ ದ್ವೀಪದಲ್ಲಿ ಒಂದು ಮರವಿದೆ. ಅದರ ತೊಗಟೆ ಕೊಯ್ದರೆ ನೀಲಿ-ಹಸಿರು ಹಾಲು ಸುರಿಯುತ್ತದೆ. ಒಣಗಿಸಿದರೆ ಆ ಹಾಲಿನ ಕಾಲು ಭಾಗ ನಿಕ್ಕಲ್! ವಿಜ್ಞಾನಿಗಳು 1976ರಲ್ಲಿ ಇದನ್ನು ವರದಿ ಮಾಡಿದರು. ನಮ್ಮ ಹಳೆಯ ಬಾವಿ, ಗೋಡೆಗಳ ಕಲ್ಲುಸಂದಿಯಲ್ಲೂ ಬೆಳೆಯುವ ಒಂದು ಜಾತಿಯ ಜರೀಗಿಡ ಮಣ್ಣಿನ ಆರ್ಸೆನಿಕ್ಕನ್ನು ಹೀರಿ ಎಲೆಗೆ ತುಂಬಿಕೊಳ್ಳುತ್ತದೆಂದು ಅಮೆರಿಕದ ಫ್ಲೋರಿಡಾದ ಸಂಶೋಧಕರು 2001ರಲ್ಲಿ ತೋರಿಸಿಕೊಟ್ಟರು. ಇವೆಲ್ಲ ನಿಜ, ಬೆರಗು ಹುಟ್ಟಿಸುವ ನಿಜ.

ಆದರೆ ಈ ಬೆರಗನ್ನು ನಮ್ಮ ಗುಡ್ಡಕ್ಕೆ ತಂದು ಲೆಕ್ಕ ಹಾಕಿ. ಒಂದು ಎಕರೆ ನೆಲದ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. ಅದರಲ್ಲಿ ಶೇಕಡ ಒಂದರಷ್ಟು ಮ್ಯಾಂಗನೀಸ್ ಇದೆಯೆಂದು ಇಟ್ಟುಕೊಳ್ಳಿ. ಅದಿರಿನ ರಾಶಿಗೆ ಅದೇನೂ ದೊಡ್ಡ ಮಾತಲ್ಲ. ಅಂದರೆ ಎಕರೆಗೆ 9 ಟನ್. ಮಹಾ ಹೀರುಗ ಎಂದು ವಿಜ್ಞಾನಿಗಳು ಕರೆಯುವ ಗಿಡವನ್ನೇ ತಂದು ನೆಟ್ಟಿರೆನ್ನಿ. ಅದು ತನ್ನ ಒಣ ತೂಕದ ಶೇಕಡ ಒಂದರಷ್ಟು ಮ್ಯಾಂಗನೀಸ್ ತುಂಬಿಕೊಳ್ಳುತ್ತದೆ. ಎಕರೆಗೆ ವರ್ಷಕ್ಕೆ 4 ಟನ್ ಒಣ ಸೊಪ್ಪು ಕೊಟ್ಟರೂ (ಗಣಿರಾಶಿಯ ಬರಡು ಮಣ್ಣಿನಲ್ಲಿ ಅಷ್ಟು ಬಂದರೆ ಅದೇ ಪವಾಡ) ಹೊರಬರುವುದು 40 ಕಿಲೋ. ಒಂಬತ್ತು ಸಾವಿರ ಕಿಲೋವನ್ನು ನಲವತ್ತರಂತೆ ತೆಗೆಯುತ್ತ ಹೋದರೆ 225 ವರ್ಷ. ಅದೂ ಅರ್ಧ ಅಡಿಗೆ ಮಾತ್ರ! ಗಣಿರಾಶಿಗಳು ಎಷ್ಟು ಅಡಿ ಎತ್ತರ ಇರುತ್ತವೆಂಬುದು ನೋಡಿದವರಿಗೆಲ್ಲ ಗೊತ್ತು. ಇನ್ನು ನಮ್ಮ ಒಗ್ಗರಣೆಯ ಸಾಸಿವೆ ಗಿಡ ಸೀಸವನ್ನು ಹೀರುತ್ತದೆಂದು ಅಮೆರಿಕದಲ್ಲಿ 1990ರ ದಶಕದಲ್ಲಿ ದೊಡ್ಡ ಪ್ರಚಾರವಾಗಿತ್ತು. ಸೀಸ ಬೇರಿಗೆ ಸಿಕ್ಕಬೇಕಾದರೆ ಮಣ್ಣಿಗೆ ರಾಸಾಯನಿಕ ಸುರಿದು ಅದನ್ನು ಸಡಿಲಿಸಬೇಕಿತ್ತು. ಸಡಿಲಾದ ಸೀಸವೆಲ್ಲ ಗಿಡಕ್ಕೇ ಹೋಗುತ್ತದೆಯೇ? ಒಂದು ಪಾಲು ಅಂತರ್ಜಲಕ್ಕೂ ಇಳಿಯುತ್ತದೆ. ಚಿಕಿತ್ಸೆಯೇ ರೋಗವಾಗುವುದೆಂದರೆ ಇದು.

ಎರಡನೆಯ ದಾರಿ ಹಿಡಿದಿಡುವುದು. ಇದು ಸದ್ದಿಲ್ಲದ ದಾರಿ. ಇಲ್ಲಿ ಗಿಡ ಲೋಹವನ್ನು ಹೊರತೆಗೆಯುವುದಿಲ್ಲ, ಇದ್ದಲ್ಲೇ ಕಟ್ಟಿಹಾಕುತ್ತದೆ. ಬೇರು ಮಣ್ಣನ್ನು ಹೆಣೆಯುತ್ತದೆ, ಉದುರಿದ ಎಲೆ ಗೊಬ್ಬರವಾಗಿ ಲೋಹವನ್ನು ಅಪ್ಪಿಕೊಳ್ಳುತ್ತದೆ, ಧೂಳು ಏಳುವುದಿಲ್ಲ, ಮಳೆಗೆ ರಾಶಿ ಕರಗಿ ಹಳ್ಳ ಸೇರುವುದಿಲ್ಲ. ಗಣಿಯ ನೆಲಕ್ಕೆ ನಿಜವಾಗಿ ಒಗ್ಗುವ ಮದ್ದು ಇದೇ. ಇಲ್ಲಿ ಬೇಕಾಗಿರುವುದು ಎಲೆಗೆ ಲೋಹ ಏರಿಸುವ ಗಿಡವಲ್ಲ, ಏರಿಸದೆ ಬೇರಿನಲ್ಲೇ ತಡೆಯುವ ಗಿಡ. ಪ್ರಚಾರದಲ್ಲಿ ಹೇಳುವುದು ಹೀರುವ ಕಥೆ. ಗುಡ್ಡಕ್ಕೆ ಬೇಕಾದದ್ದು ಹಿಡಿಯುವ ಕೆಲಸ. ನಡೆಯುತ್ತಿರುವುದು ಎರಡೂ ಅಲ್ಲ, ಬರೀ ಸಸಿ ಎಣಿಸುವ ಕೆಲಸ.

ಹಿಡಿಯುವ ಗಿಡಗಳಲ್ಲಿ ಲೋಕವೆಲ್ಲ ಮೆಚ್ಚಿದ್ದು ನಮ್ಮ ಲಾವಂಚ. ಉರ್ದುವಿನಲ್ಲಿ ಖಸ್. ಬೇಸಿಗೆಯ ತಟ್ಟಿಗೆ, ಅತ್ತರಿಗೆ, ಶರಬತ್ತಿಗೆ ನಾವು ಬಳಸುವ ಅದೇ ಬೇರು. ಮೂರು ನಾಲ್ಕು ಮೀಟರ್ ಆಳಕ್ಕೆ ನೆಟ್ಟಗೆ ಇಳಿದು ಇಳಿಜಾರಿಗೆ ಮೊಳೆ ಹೊಡೆದಂತೆ ನಿಲ್ಲುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಮಣ್ಣು ಸವೆತಕ್ಕೆ ಲಾವಂಚದ ಬೇಲಿಯನ್ನು ಜಗತ್ತಿಗೆಲ್ಲ ಸಾರಿದರು. ಆದರೆ ನಮ್ಮ ಗುಂಡ್ಲುಪೇಟೆಯ ಕಡೆಯ ರೈತರು ಅದನ್ನು ತಲೆತಲಾಂತರದಿಂದ ಬದುವಿನ ಮೇಲೆ ಬೆಳೆಸಿಕೊಂಡು ಬಂದಿದ್ದರು. ಇನ್ನೊಂದು ಪಾಠ ಬ್ರಿಟನ್ನಿನದು. ವೇಲ್ಸ್ ಪ್ರಾಂತದ ಹಳೆಯ ಸೀಸ, ಸತುವಿನ ಗಣಿರಾಶಿಗಳ ಮೇಲೆ ಏನೂ ಬೆಳೆಯದಿದ್ದಲ್ಲೂ ಕೆಲವು ಹುಲ್ಲುಗಳು ತಾವಾಗಿ ಬದುಕಿದ್ದವು. ಆಂಟನಿ ಬ್ರಾಡ್‌ಷಾ ಎಂಬ ವಿಜ್ಞಾನಿ ಮತ್ತವರ ಸಂಗಡಿಗರು ಆ ಹುಲ್ಲುಗಳದೇ ಬೀಜ ಆರಿಸಿ, ಬೆಳೆಸಿ, ಬೇರೆ ರಾಶಿಗಳಿಗೆ ಹಸಿರು ಹೊದಿಸುವ ದಾರಿ ತೋರಿಸಿದರು. ನಮ್ಮ ಗುಡ್ಡಗಳಲ್ಲೂ ದಶಕಗಳ ಹಿಂದಿನ ಮ್ಯಾಂಗನೀಸ್ ಗುಂಡಿಗಳ ಅಂಚಿನಲ್ಲಿ ಯಾರೂ ನೆಡದೆ ತಾವಾಗಿ ಎದ್ದ ಗಿಡಗಂಟಿಗಳಿಲ್ಲವೇ? ಅವುಗಳ ಬೀಜ ಆರಿಸಿದವರು ಯಾರು? ಆ ಗುಡ್ಡದಲ್ಲಿ ದನ, ಕುರಿ ಮೇಯಿಸಿದ ಗೊಲ್ಲರಹಟ್ಟಿಯ ಮುದುಕನನ್ನು ‘ಅಜ್ಜಾ, ಇಲ್ಲಿ ಯಾವುದು ಬದುಕುತ್ತದೆ?’ ಎಂದು ಕೇಳಿದವರು ಯಾರು? ನರ್ಸರಿಯಲ್ಲಿ ಸುಲಭಕ್ಕೆ ಸಿಕ್ಕಿತೆಂದು ಅಕೇಶಿಯಾ ತಂದು ನೆಡುವುದಕ್ಕೆ ವಿಜ್ಞಾನದ ಹೆಸರು ಬೇಡ. ಇದೇ ಸರ್ಕಾರಿ ಬುದ್ಧಿ ಒಂದು ಕಾಲಕ್ಕೆ ನೀಲಗಿರಿಯನ್ನು ನಾಡಿಗೆಲ್ಲ ಹಂಚಿತು. 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ಸರ್ಕಾರವೇ ನಿಷೇಧಿಸಬೇಕಾಯಿತು.

ಇಷ್ಟಕ್ಕೂ ಮಣ್ಣಿನಲ್ಲಿ ಲೋಹವಿದ್ದರೆ ನಮಗೇನು ಕಷ್ಟ ಎಂದು ಕೇಳುವವರಿದ್ದಾರೆ. ಕಬ್ಬಿಣ, ಮ್ಯಾಂಗನೀಸ್ ಇವು ದೇಹಕ್ಕೆ ಬೇಕಾದವೇ. ಕಲ್ಲಿನಲ್ಲಿ ತುಕ್ಕಿನ ರೂಪದಲ್ಲಿ ಬಂಧಿಯಾಗಿರುವವರೆಗೆ ಅವು ಸಾಧು. ಕಷ್ಟ ಶುರುವಾಗುವುದು ಅವು ಪುಡಿಯಾಗಿ ಧೂಳಾದಾಗ, ಹೂಳಾಗಿ ಕೆರೆಯ ತಳ ಸೇರಿದಾಗ. ಗಾಳಿಯಾಡದ ಕೆಸರಿನಲ್ಲಿ ಮ್ಯಾಂಗನೀಸಿನ ಬಂಧನ ಸಡಿಲವಾಗಿ ಅದು ನೀರಿನಲ್ಲಿ ಕರಗತೊಡಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು, ಬೇರೆ ದಾರಿಯೇ ಇಲ್ಲದಿದ್ದರೆ 0.3ರವರೆಗೆ ಎಂದು ನಮ್ಮ ದೇಶದ ಮಾನಕವೇ ಹೇಳುತ್ತದೆ. ಮ್ಯಾಂಗನೀಸ್ ಅದಿರು ಪುಡಿಮಾಡುತ್ತಿದ್ದ ಕೂಲಿಗಳ ಕಾಲು ಸೋತು, ನಡಿಗೆ ತಪ್ಪಿ, ಮಾತು ಕುಗ್ಗುತ್ತಿದ್ದುದನ್ನು ಸ್ಕಾಟ್ಲೆಂಡಿನ ಜಾನ್ ಕೂಪರ್ ಎಂಬ ವೈದ್ಯರು 1837ರಲ್ಲೇ ಬರೆದಿಟ್ಟರು. ಇನ್ನು ತುರುವೇಕೆರೆಯ ಆಚೆ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಪಟ್ಟಿಯಲ್ಲಿ ಕ್ರೋಮೈಟ್ ಗಣಿಗಳಿದ್ದವು. ಅಲ್ಲಿನ ಮಣ್ಣಿನಲ್ಲಿ ಕ್ರೋಮಿಯಂ, ನಿಕ್ಕಲ್ ಮುಂತಾದ ಲೋಹಗಳು ಮಿತಿಮೀರಿರುವುದನ್ನು ಹೈದರಾಬಾದಿನ ಭೂಭೌತ ಸಂಶೋಧನಾ ಸಂಸ್ಥೆಯವರು 2013ರಲ್ಲಿ ಪ್ರಕಟಿಸಿದ್ದಾರೆ. ಅದೇನೂ ದೂರದ ದೇಶವಲ್ಲ, ನಮ್ಮ ಬೀಗರ ಊರು.

ಹಂದನಕೆರೆಯ ಕಡೆ ತೋಟದವರೊಬ್ಬರು ಒಂದು ಮಾತು ಕೇಳಿದರು: “ಅಲ್ಲಾ ಸಾಬ್ರೆ, ಗುಡ್ಡದ ಮ್ಯಾಲೆ ಗಿಡ ನೆಡ್ತಾವ್ರೆ, ನೆಡ್ಲಿ. ನಮ್ ಕೆರೆ ಹೂಳ ತೋಟಕ್ಕೆ ಹೊಡೀಬೌದೋ ಬ್ಯಾಡ್ವೋ, ಅದುನ್ನ ಯಾರ್ ಹೇಳ್ತಾರೆ?” ಇಡೀ ವಿಷಯದ ತಿರುಳು ಈ ಒಂದು ಪ್ರಶ್ನೆಯಲ್ಲಿದೆ. ಬೇಸಿಗೆಯಲ್ಲಿ ಕೆರೆಯ ಹೂಳೆತ್ತಿ ತೆಂಗಿನ ಬುಡಕ್ಕೆ ಹಾಕುವುದು ನಮ್ಮ ಹಿರಿಯರ ಕೃಷಿಜ್ಞಾನ. ಕೆರೆಯೂ ಹಸನು, ತೋಟವೂ ಹಸನು. ಗುಡ್ಡದಲ್ಲಿ ಎಲೆಗೊಬ್ಬರ ಇದ್ದ ಕಾಲಕ್ಕೆ ಆ ಹೂಳು ಬಂಗಾರ. ಗಣಿಯ ಮಣ್ಣು ಕೊಚ್ಚಿ ಬಂದ ಕೆರೆಯಲ್ಲಿ ಅದೇ ಹೂಳು ಏನಾಗಿದೆ? ಸಸಿ ಎಣಿಸುವ ಸಾಹೇಬರ ಫೈಲಿನಲ್ಲಿ ಈ ಪ್ರಶ್ನೆಗೆ ಕಾಲಮ್ಮೇ ಇಲ್ಲ. ಉತ್ತರವೇನೂ ದುಬಾರಿಯಲ್ಲ, ಒಂದು ಬೊಗಸೆ ಹೂಳು, ಒಂದು ಬಾಟಲಿ ನೀರು, ಒಂದು ಪ್ರಯೋಗಾಲಯ. ಸಾವಿರಾರು ಕೋಟಿಯ ಯೋಜನೆಗೆ ಇದು ಭಾರವೇ?

ಮೇವಿನ ಪ್ರಶ್ನೆಯೂ ಇದರ ತಮ್ಮನೇ. 2020ರ ಜನವರಿ 8ರಂದು ಸುಪ್ರೀಂ ಕೋರ್ಟ್ ಒಂದು ಒಳ್ಳೆಯ ಆದೇಶ ಕೊಟ್ಟಿತು. ಗಣಿ ಮುಗಿದ ಮೇಲೆ ಗುತ್ತಿಗೆದಾರ ಆ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು, ಗಿಡಮರ, ಪ್ರಾಣಿಗಳು ಬದುಕುವಂತೆ ನೆಲವನ್ನು ಸಜ್ಜುಗೊಳಿಸಬೇಕು, ಅದನ್ನು ಗುತ್ತಿಗೆಯ ಷರತ್ತಾಗಿಯೇ ಸೇರಿಸಬೇಕು ಎಂದು. ನ್ಯಾಯಮೂರ್ತಿಗಳು ದನದ ಹೊಟ್ಟೆಯನ್ನು ನೆನೆದದ್ದಕ್ಕೆ ಅವರಿಗೆ ಶುಕ್ರಿಯಾ. ಆದರೆ ಲೋಹದ ರಾಶಿಯ ಮೇಲೆ ಬೆಳೆದ ಹುಲ್ಲನ್ನು ಪರೀಕ್ಷಿಸದೆ ದನಕ್ಕೆ ಹಾಕುವಂತಿಲ್ಲ. ಹೀರುವ ಗಿಡ ನೆಟ್ಟಿದ್ದರೆ ಅದು ಮೇವಲ್ಲ, ಕಸ, ಅಪಾಯದ ಕಸ. ಅದನ್ನು ಕೊಯ್ದು ಎಲ್ಲಿ ಹಾಕುತ್ತೀರಿ? ಸೌದೆಗೆ ಒಯ್ದರೆ ಬೂದಿಯಲ್ಲಿ ಲೋಹ ಉಳಿಯುತ್ತದೆ. ಆ ಬೂದಿಯಲ್ಲಿ ಪಾತ್ರೆ ತಿಕ್ಕುವವರು ನಮ್ಮ ಹೆಣ್ಣುಮಕ್ಕಳು. ಲಾವಂಚವನ್ನೇ ನೆಟ್ಟರೂ ಎಚ್ಚರ ತಪ್ಪುವಂತಿಲ್ಲ. ಅದು ಲೋಹ ಹಿಡಿಯುವುದು ಬೇರಿನಲ್ಲಿ, ಮಾರುಕಟ್ಟೆಗೆ ಬೇಕಾದದ್ದೂ ಬೇರೇ. ಗಣಿರಾಶಿಯ ಬೇರನ್ನು ಯಾರೋ ಕಿತ್ತು ಮಾರಿದರೆ ರಾಶಿಯೂ ಜರಿಯುತ್ತದೆ, ಇಫ್ತಾರಿನ ಶರಬತ್ತಿಗೂ ವಿಷ ಬರುತ್ತದೆ. ಕಾವಲಿಲ್ಲದ ಗಿಡ ಚಿಕಿತ್ಸೆಯಾಗುವುದಿಲ್ಲ.

ನಮ್ಮ ಧರ್ಮದಲ್ಲಿ ಗಿಡ ನೆಡುವುದು ಸದಕಾ. ನೆಟ್ಟ ಗಿಡದಿಂದ ಮನುಷ್ಯ ತಿಂದರೂ, ಹಕ್ಕಿ ತಿಂದರೂ, ಪ್ರಾಣಿ ತಿಂದರೂ ನೆಟ್ಟವನಿಗೆ ಪುಣ್ಯವಿದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಕಿಯಾಮತ್ತು ಬಂದೇಬಿಟ್ಟರೂ ಕೈಯಲ್ಲಿ ಸಸಿಯಿದ್ದರೆ ಅದನ್ನು ನೆಟ್ಟುಬಿಡಿ ಎಂದವರೂ ಅವರೇ. ನಮ್ಮ ಸಭೆಗಳಲ್ಲಿ ಈ ಹದೀಸುಗಳನ್ನು ಹೇಳಿ ವನಮಹೋತ್ಸವ ಮಾಡಿಸುತ್ತೇವೆ, ಫೋಟೋ ತೆಗೆಸಿಕೊಳ್ಳುತ್ತೇವೆ. ಆದರೆ ಅದೇ ಧರ್ಮದ ಇನ್ನೊಂದು ಪಾಠವನ್ನು ಅಲ್ಲಿ ಯಾರೂ ಎತ್ತುವುದಿಲ್ಲ. ಪಾಪದಲ್ಲಿ ಎರಡು ಬಗೆ. ಅಲ್ಲಾಹನ ಹಕ್ಕಿಗೆ ತಪ್ಪಿದರೆ ಮನಸ್ಸಿಟ್ಟು ತೌಬಾ ಮಾಡಿದರೆ ಅವನು ಕ್ಷಮಿಸಿಯಾನು. ಆದರೆ ದಾಸರ ಹಕ್ಕು, ಹಕ್ಕುಲ್ ಇಬಾದ್, ಇದೆಯಲ್ಲ, ಇನ್ನೊಬ್ಬ ಮನುಷ್ಯನಿಂದ ಕಿತ್ತುಕೊಂಡದ್ದು, ಅದನ್ನು ವಾಪಸು ಕೊಡುವವರೆಗೆ, ಅಥವಾ ಕಳೆದುಕೊಂಡವನೇ ಮನಸಾರೆ ಮಾಫಿ ಮಾಡುವವರೆಗೆ, ಎಷ್ಟು ತಸ್ಬೀಹ್ ತಿರುಗಿಸಿದರೂ ತೌಬಾ ಪೂರ್ತಿಯಾಗುವುದಿಲ್ಲ. ಕದ್ದ ಹಣದಲ್ಲಿ ಮಸೀದಿಗೆ ಚಾಪೆ ಕೊಟ್ಟವನ ಕಳ್ಳತನ ತೊಳೆದುಹೋಗದು.

ಗುಡ್ಡದ ಮೇಲಿನ ಅಕೇಶಿಯಾ ಅಂಥ ಚಾಪೆ. ಕಿತ್ತುಕೊಂಡದ್ದು ಯಾರಿಂದ? ತೋಟದವನ ಬಾವಿಯಿಂದ, ಹಟ್ಟಿಯವನ ಮೇಕೆಯಿಂದ, ಕೂಲಿಯವಳ ಎದೆಗೂಡಿನಿಂದ. ವಾಪಸು ಹೋಗಬೇಕಾದದ್ದು ಅಲ್ಲಿಗೆ. ಮಾಫಿ ಮಾಡುವ ಹಕ್ಕಿರುವುದು ಅವರಿಗೆ. ಗಿಡಕ್ಕೂ ಆ ಹಕ್ಕಿಲ್ಲ, ಬೆಂಗಳೂರಿನ ಕಚೇರಿಗೂ ಇಲ್ಲ. ಹಿಂದೂ ಓದುಗರಿಗೆ ಇದನ್ನು ಬೇರೆ ಮಾತಿನಲ್ಲಿ ಹೇಳಬೇಕಾದ್ದಿಲ್ಲ. ಸಾಲ ತೀರಿಸದೆ ದಾನ ಮಾಡುವವನನ್ನು ಯಾವ ಊರಿನ ಪಂಚಾಯ್ತಿಕಟ್ಟೆಯೂ ಮೆಚ್ಚಿದ್ದಿಲ್ಲ.

ಪ್ರಕೃತಿ ತಾನಾಗಿ ಮಾಯಿಸಿಕೊಳ್ಳುತ್ತದೆ, ಸುಮ್ಮನೆ ಬಿಟ್ಟುಬಿಡಿ ಎನ್ನುವವರು ಕೋಲಾರದ ಚಿನ್ನದ ಗಣಿಗೆ ಹೋಗಿ ನೋಡಬೇಕು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಯನೈಡ್ ದಿಣ್ಣೆಗಳೆಂದು ಜನ ಕರೆಯುವ ಗುಡ್ಡಗಳು ಆ ಊರಿನ ನಡುವೆ ಹಾಗೇ ನಿಂತವು. ಗಾಳಿ ಬೀಸಿದಾಗ ಪುಡಿ ಮನೆಗಳ ಒಳಗೆ. ಎರಡು ದಶಕ ಕಳೆದರೂ ಪ್ರಕೃತಿ ಅಲ್ಲಿ ತಾನಾಗಿ ಏನನ್ನೂ ಮಾಯಿಸಲಿಲ್ಲ. 2024ರಲ್ಲಿ ಸರ್ಕಾರಕ್ಕೆ ಆ ದಿಣ್ಣೆಗಳ ನೆನಪಾಯಿತು. ಅದು ಕಾರ್ಮಿಕರ ಮಕ್ಕಳ ಉಸಿರಿನ ಸಲುವಾಗಿ ಅಲ್ಲ, ಉಳಿದ ಚಿನ್ನ ತೆಗೆಯುವ ಸಲುವಾಗಿ!

ಇನ್ನು ಕೆಲವರು, ಬಡವರ ಹೊಟ್ಟೆಗೆ ಕಲ್ಲು ಹಾಕುತ್ತೀರಾ, ಗಣಿ ನಿಂತರೆ ಕೆಲಸ ಎಲ್ಲಿದೆ ಎನ್ನುತ್ತಾರೆ. ಕೆಲಸ ಗುಡ್ಡದ ಮೇಲೆಯೇ ಇದೆ ಸ್ವಾಮಿ. ಬೀಜ ಆರಿಸುವುದು, ಕಂಟ ಕಟ್ಟುವುದು, ಗೊಬ್ಬರ ಹೊರುವುದು, ಹುಲ್ಲು ನೆಡುವುದು, ಕಾಯುವುದು. ಒಂದು ರಾಶಿ ನೆಲೆನಿಲ್ಲಲು ಹತ್ತು ಹದಿನೈದು ವರ್ಷ ಬೇಕು. ಅಷ್ಟು ವರ್ಷದ ಕೂಲಿ ಅಲ್ಲಿದೆ. ಅದನ್ನು ಹೊರಗಿನ ಗುತ್ತಿಗೆದಾರನಿಗೆ ಬರೆದುಕೊಡದೆ ಹಟ್ಟಿಯ, ಕೇರಿಯ, ಮೊಹಲ್ಲಾದ ಕೈಗಳಿಗೆ ಕೊಡಿ. ಲಾರಿ ಕಳೆದುಕೊಂಡ ಹುಡುಗರಿಗೆ ಟ್ಯಾಂಕರ್ ನೀರು ಹೊಡೆಯುವುದೂ ಗೊತ್ತು.

ಗಿಡ ಎದ್ದು ನಿಲ್ಲುವವರೆಗೆ ಗುಡ್ಡಕ್ಕೆ ದನಕುರಿ ಬಿಡುವಂತಿಲ್ಲ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಬೇಲಿ ಹಾಕುವಾಗ ಮೊದಲು ಯಾರನ್ನು ಹೊರಗಿಡುತ್ತೀರಿ? ಖಲೀಫಾ ಉಮರ್(ರ) ಹುಲ್ಲುಗಾವಲನ್ನು ಕಾಯ್ದಿರಿಸಿ ‘ಹಿಮಾ’ ಮಾಡಿದಾಗ ಅದರ ಕಾವಲುಗಾರನಿಗೆ ಕೊಟ್ಟ ತಾಕೀತು ಇತಿಹಾಸದಲ್ಲಿದೆ: ಹತ್ತಿಪ್ಪತ್ತು ಆಡು ಒಂಟೆ ಇಟ್ಟುಕೊಂಡ ಬಡವನನ್ನು ಒಳಗೆ ಬಿಡು, ದೊಡ್ಡ ಸಾಹುಕಾರರ ಮಂದೆಯ ಬಗ್ಗೆ ಎಚ್ಚರವಿರಲಿ ಎಂದು. ಸಾಹುಕಾರನಿಗೆ ಬೇರೆ ಆಸ್ತಿಯಿದೆ, ಬಡವನಿಗೆ ಆಡು ಸತ್ತರೆ ಮಕ್ಕಳ ಜೊತೆ ಬೀದಿಯೇ ಗತಿ ಎಂಬುದು ಅವರ ನ್ಯಾಯ. ನಮ್ಮ ನಾಡಿಗೂ ಇದು ಹೊಸದಲ್ಲ. ಮೈಸೂರು ಅರಸರು ನಡೆಸಿಕೊಂಡು ಬಂದ, ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ ಕಾವಲುಗಳು ನಮ್ಮ ಸುತ್ತಲೂ ಇವೆ; ತಿಪಟೂರಿನ ಕೊನೇಹಳ್ಳಿಯಲ್ಲಿ ಆ ತಳಿ ಇಂದಿಗೂ ಇದೆ. ಹುಲ್ಲನ್ನು ಕಾಯ್ದುಕೊಳ್ಳುವುದು ಹೇಗೆಂದು ತಿಳಿದಿದ್ದ ನಾಡು ಇದು. ಈಗಿನ ಕ್ರಮ ತಿರುಗುಮುರುಗು. ಲಾರಿಗೆ ಗೇಟು ತೆರೆದಿರುತ್ತದೆ, ಮೇಕೆಗೆ ಮುಳ್ಳುತಂತಿ.

ಆದ್ದರಿಂದ ನಾವು ಕೇಳುವುದು ಇಷ್ಟು. ಗಣಿಯ ಕೆಳಗಿನ ಪ್ರತಿ ಕೆರೆಯ ಹೂಳು, ಪ್ರತಿ ಊರಿನ ಬಾವಿ ಮತ್ತು ಬೋರ್‌ವೆಲ್ಲಿನ ನೀರು, ಗುಡ್ಡದ ಮೇವು ಇವನ್ನು ವರ್ಷಕ್ಕೆ ಎರಡು ಸಲ, ಮಳೆಗೆ ಮೊದಲು ಮತ್ತು ನಂತರ, ಪರೀಕ್ಷೆ ಮಾಡಿಸಿ. ಫಲಿತಾಂಶವನ್ನು ಕನ್ನಡದಲ್ಲಿ ಬರೆದು ಗ್ರಾಮ ಪಂಚಾಯ್ತಿ ಗೋಡೆಗೆ ಅಂಟಿಸಿ. ರಾಶಿಯ ಮೇಲೆ ಮೊದಲು ಹುಲ್ಲು, ಆಮೇಲೆ ಪೊದೆ, ಕೊನೆಗೆ ಮರ, ಅದೂ ಇದೇ ಗುಡ್ಡದ ಬೀಜದಿಂದ. ಗುಡ್ಡ ಮುಚ್ಚಿರುವಷ್ಟು ವರ್ಷ ಮೇಯಿಸುವವರಿಗೆ ಶುದ್ಧ ಮೇವು ಕೊಡಿ. ನೆಟ್ಟ ಸಸಿ ಎಣಿಸುವುದನ್ನು ಬಿಟ್ಟು, ಮಳೆಗಾಲದಲ್ಲಿ ಹಳ್ಳದ ನೀರು ಎಷ್ಟು ತಿಳಿಯಾಯಿತೆಂದು ಅಳೆಯಿರಿ. ಕಣ್ಣಿಗೆ ಕಾಣುವ ಆ ಲೆಕ್ಕಕ್ಕೆ ಸುಳ್ಳು ಬರೆಯುವುದು ಕಷ್ಟ. ಗಣಿಮುಚ್ಚುವ ಯೋಜನೆ ಎಂಬುದು ನಮ್ಮ ಕಾನೂನಿನಲ್ಲಿ 2003ರಿಂದಲೂ ಕಡ್ಡಾಯವಾಗಿದೆ. ‘ಗುಡ್ಡ ಸರಿಯಾಯಿತು’ ಎಂಬ ಸರ್ಟಿಫಿಕೇಟನ್ನು ಗ್ರಾಮಸಭೆ ಒಪ್ಪದೆ ಯಾರೂ ಕೊಡಕೂಡದು. ಮತ್ತು ಹಳೆಯ ರಾಶಿ ನೆಲೆನಿಲ್ಲುವವರೆಗೆ ಹೊಸ ಗುಡ್ಡಕ್ಕೆ ಹಾರೆ ಹಾಕಕೂಡದು.

ಇದನ್ನು ಕೇಳಬೇಕಾದವರು ಪರಿಸರದವರು ಮಾತ್ರವಲ್ಲ. ವಕ್ಫ್, ಖಬರಸ್ತಾನದ ಗೋಡೆಗೆ ಬೀದಿಗಿಳಿಯುವ ನಾವು ಕುಡಿಯುವ ನೀರಿಗೆ ಯಾಕೆ ಇಳಿಯುವುದಿಲ್ಲ? ವುಜೂವಿಗೆ ಶುದ್ಧ ನೀರು ಬೇಕೆನ್ನುವ ಜಮಾಅತ್ತು ತನ್ನ ಹೌಜಿನ ನೀರನ್ನೇ ಮೊದಲು ಪರೀಕ್ಷೆಗೆ ಕಳಿಸಲಿ. ಮಠದವರು ದಾಸೋಹದ ಬಾವಿಯ ನೀರು ಕಳಿಸಲಿ. ಹಟ್ಟಿಯವರು ಕುರಿ ಕುಡಿಯುವ ಗುಂಡಿಯ ನೀರು ಕಳಿಸಲಿ. ಮೂರೂ ಕಾಗದಗಳನ್ನು ಒಟ್ಟಿಗೆ ಹಿಡಿದು ಚಿಕ್ಕನಾಯಕನಹಳ್ಳಿ ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದ ದಿನ ಗುಡ್ಡದ ಚಿಕಿತ್ಸೆ ಶುರುವಾಗುತ್ತದೆ. ಗಿಡವನ್ನು ಅದರ ಮಾರನೆಯ ದಿನ ನೆಡೋಣ. ನೀರು ಹೊತ್ತು ತರಲು ನಾವೂ ಬರುತ್ತೇವೆ.